ಗೆರೆ ಸರಿಸಿದವರು

ನಾನು ಕತ್ತಾಳೆ ನಾರಿನ ಡಾರ್ಟ್ ಬೋರ್ಡು. ನಾರನ್ನು ಒತ್ತೊತ್ತಾಗಿ ಕೂರಿಸಿ, ಸುತ್ತ ಕಬ್ಬಿಣದ ಪಟ್ಟಿ ಬಿಗಿದು ನನ್ನನ್ನು ಮಾಡಿದರು. ಡಾರ್ಟ್ ಚುಚ್ಚಿ ಕಿತ್ತರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಚುಚ್ಚಿದವರ ಮೇಲೆ ನನಗೆ ಸಿಟ್ಟಿಲ್ಲ.

ಮೊದಲು ಒಂದು ಕ್ಲಬ್ಬಿನಲ್ಲಿದ್ದೆ. ಅಲ್ಲಿ ಇಸ್ಪೀಟಿನ ಹುಚ್ಚು ಹೆಚ್ಚಿದಾಗ ಕಾಕ್ಸ್‌ಟೌನಿನ ಐರಿಶ್ ಪಬ್ಬಿಗೆ ಬಂದೆ. ಹಸಿರು ಬಾಗಿಲು, ಕಂದು ಮರದ ಬೆಂಚುಗಳು, ಪಿಟೀಲಿನ ಹಾಡು. ಮಾಲೀಕ ವಿನ್ಸೆಂಟ್ ಐರ್ಲೆಂಡ್ ಕಂಡವನಲ್ಲ; ಅವನ ಆಲೂಗಡ್ಡೆ ಪೈಗೆ ಹಸಿಮೆಣಸಿನಕಾಯಿ ಬೀಳುತ್ತಿತ್ತು. ಒಂದು ಲೋಟ ಬಿಯರ್ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ.

ಭಾನುವಾರ ನನ್ನ ಆಟ. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದ ತಿಮ್ಮರಾಯಪ್ಪನವರ ಗುರಿ ತಪ್ಪುತ್ತಿರಲಿಲ್ಲ. ಒಮ್ಮೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಎಂಟು ತಿಂಗಳ ಮೇಲೆ ಬಂದು ಎಡಗೈಯಲ್ಲಿ ಎಸೆದರು. ಮೂರೂ ಡಾರ್ಟ್ ನನ್ನನ್ನು ಮುಟ್ಟದೆ ನೆಲಕ್ಕೆ ಬಿದ್ದವು.

ಮುಂದಿನ ವಾರ ಅವರು ಬರುವ ಮೊದಲೇ ವಿನ್ಸೆಂಟ್ ಮತ್ತು ಅವರ ಗೆಳೆಯ ನಾಗಭೂಷಣ, ಎಸೆಯುವವರು ನಿಲ್ಲಬೇಕಾದ ಗೆರೆಯ ಬಿಳಿ ಟೇಪನ್ನು ಕಿತ್ತು, ಒಂದಡಿ ಮುಂದೆ ಅಂಟಿಸಿದರು. ಕಾಯಿಲೆಯಿಂದೆದ್ದ ಕಣ್ಣಿಗೆ ಅದು ತಿಳಿಯಲಿಲ್ಲ. ಡಾರ್ಟ್ ನಾಟಿತು.

"ನೋಡ್ದ್ಯಾ ತಿಮ್ಮರಾಯಣ್ಣ, ಎಡಗೈಗೂ ಲೇತ್ ಬುದ್ಧಿ ಬಂತು!" ಎಂದ ಭೂಷಣ.

ಎಲ್ಲರೂ ಚಪ್ಪಾಳೆ ತಟ್ಟಿದರು. ತಿಮ್ಮರಾಯಪ್ಪನವರ ಮುಖ ಅರಳಿತು. ನನ್ನ ಮೈ ಉರಿಯಿತು. ಅವರೊಬ್ಬರನ್ನು ಬಿಟ್ಟು ಇಡೀ ಪಬ್ಬಿಗೆ ಗೊತ್ತಿತ್ತು. ನನಗೆ ಬಾಯಿಲ್ಲ; ಬಾಯಿದ್ದವರು ಬಿಯರ್ ಕುಡಿಯುತ್ತಿದ್ದರು.

ಮೂರನೆಯ ಭಾನುವಾರ, ಕೈಜಾರಿದ ಡಾರ್ಟ್ ಎತ್ತಲು ಬಗ್ಗಿದ ಅವರಿಗೆ ಟೇಪಿನ ಹಳೆಯ ಅಂಟು ಒಂದಡಿ ಹಿಂದೆ ನೆಲದಲ್ಲಿ ಕರ್ರಗೆ ಉಳಿದಿದ್ದು ಕಂಡಿತು.

"ಯಾವನೋ ಇದನ್ನ ಸರ್ಸಿದ್ದು?"

"ನಿಂಗೆ ಖುಷಿಯಾಗ್ಲಿ ಅಂತ ಕಣಣ್ಣ..." ಭೂಷಣ ತೊದಲಿದ.

"ಆಸ್ಪತ್ರೇಲಿ ನನ್ನ ಬಾಯಿ ಒರ್ಸಿದ್ದು ಸಾಲ್ದೇನೋ? ಸೋಲೋಕಾದ್ರೂ ಬಿಡ್ರೋ ನನ್ನ!"

ಮೊಣಕಾಲೂರಿ, ಒಂದೇ ಕೈಯಲ್ಲಿ ಟೇಪು ಕಿತ್ತು ಹಳೆಯ ಜಾಗಕ್ಕೆ ಅಂಟಿಸತೊಡಗಿದರು. ಭೂಷಣ ನೆರವಿಗೆ ಬಗ್ಗಿದ.

"ಮುಟ್ಬೇಡ."

ಆ ದಿನವೂ, ಆಮೇಲಿನ ಐದು ವಾರವೂ ಡಾರ್ಟು ನೆಲಕ್ಕೇ ಬಿತ್ತು. ಆರನೆಯ ವಾರ ಒಂದು ಬಂದು ನನ್ನ ಅಂಚಿಗೆ ನಾಟಿತು. ಒಂದೇ ಅಂಕದ ಮನೆ. ಚಪ್ಪಾಳೆಗೆ ಎದ್ದ ಕೈಗಳನ್ನು ಅವರು ತಿರುಗಿ ನೋಡಿದರು. ಕೈಗಳು ಇಳಿದವು.

ಈಗ ನಾರು ಸಡಿಲವಾಗಿ ಉಗ್ರಾಣದಲ್ಲಿ ಬಿದ್ದಿದ್ದೇನೆ. ಗೋಡೆಯಾಚೆ ಹೊಸ ಬೋರ್ಡಿದೆ. ತಿಮ್ಮರಾಯಪ್ಪನವರು ಎಸೆದ ಡಾರ್ಟು ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ. ಯಾರೂ ಮಾತಾಡುವುದಿಲ್ಲ. ಅಷ್ಟು ಕಲಿಯಲು ಪಬ್ಬಿನವರಿಗೆ ಬೈಗುಳ ಬೇಕಾಯಿತು.