ಲಗಮಣ್ಣನ ಕರೆಂಟ್ ಗಾಡಿ

ಲಗಮಣ್ಣನಿಗೆ ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಫಿಯೆಟ್ ಕಾರಿನಲ್ಲಿ ಗೇರು ಹಾಕುವುದು ಎಡಗೈಯಿಂದ. ಹಾಗಾಗಿ ರಾಯಬಾಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಆತ ಗೇರು ಬದಲಿಸುವ ಗೋಜೇ ಇಲ್ಲದ ಕಾರು ಮಾಡಿಕೊಳ್ಳಲು ಹೊರಟ. ಅದು ೧೯೯೩ನೆಯ ಇಸವಿ. ಎಂಜಿನ್ ಕೆಟ್ಟು ನಿಂತಿದ್ದ ಹಳೆಯ ಫಿಯೆಟ್ ಒಂದನ್ನು ಚಿಕ್ಕೋಡಿಯಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಎಂಜಿನ್ ಇಳಿಸಿ, ಆ ಜಾಗಕ್ಕೆ ಕೊಲ್ಲಾಪುರದ ಗುಜರಿಯಲ್ಲಿ ಸಿಕ್ಕ ಬ್ಯಾಟರಿ ಮೋಟರನ್ನು ಕೂಡಿಸಿದ. ಲಾರಿಯ ನಾಲ್ಕು ಬ್ಯಾಟರಿಗಳು ಡಿಕ್ಕಿಯಲ್ಲಿ ಕುಳಿತವು. ಗೇರು ಸದಾ ಎರಡನೆಯದರಲ್ಲೇ, ಕ್ಲಚ್ ತೆಗೆದೇಬಿಟ್ಟಿದ್ದ.

ಗಾಡಿ ನಡೆಯಿತು. ಆದರೆ ತುಸು ವೇಗ ಹಿಡಿದರೆ ಮೈಯೆಲ್ಲ ನಡುಗುತ್ತಿತ್ತು. ಮೋಟರಿನ ದಂಡವನ್ನು ಗೇರ್‌ಬಾಕ್ಸಿನ ದಂಡಕ್ಕೆ ಬೆಸೆಯುವ ಕಪ್ಲಿಂಗಿನಲ್ಲಿ ಬೆರಳಿನಷ್ಟು ಉಕ್ಕಿನ ಕೀಲಿ ಇರುತ್ತದೆ. ಅದು ನಾಲ್ಕು ದಿನಕ್ಕೊಮ್ಮೆ ತುಂಡಾಗುತ್ತಿತ್ತು. ಇನ್ನೂ ಗಟ್ಟಿ ಉಕ್ಕಿನದನ್ನು ಹಾಕಿದ. ಕೀಲಿ ಉಳಿಯಿತು, ಅದು ಕೂರುವ ಕಚ್ಚೇ ಅಗಲವಾಯಿತು. ಎರಡು ತಿಂಗಳು ಬೋಲ್ಟು ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ಕೊನೆಗೆ ಹೆಂಡತಿ ರುಕ್ಮವ್ವ, ತವನಪ್ಪನಿಗೆ ಒಂದು ಕಾಗದ ಬರೆಯಬಾರದೇ ಎಂದಳು. ಏಳು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆಡದ ಹೆಸರು ಅದು.

ತವನಪ್ಪ ದಿಗ್ಗೇವಾಡಿಯವನು. ಒಂದು ಕಾಲಕ್ಕೆ ಇಬ್ಬರೂ ಕೂಡಿ ಊರೂರಿನ ಕಬ್ಬಿನ ಗಾಣಗಳ ಮೋಟರ್ ರಿಪೇರಿ ಮಾಡುತ್ತಿದ್ದರು. ೧೯೮೬ರಲ್ಲಿ ದಿಗ್ಗೇವಾಡಿಯಲ್ಲೇ ಒಂದು ಗಾಣ ಒಮ್ಮೆಲೇ ಶುರುವಾಗಿ ಲಗಮಣ್ಣನ ಕೈ ಉರುಳೆಗಳ ನಡುವೆ ಸಿಕ್ಕಿತು. ಸ್ಟಾರ್ಟರಿನ ಹತ್ತಿರ ಇದ್ದವನು ತವನಪ್ಪ. ಲಗಮಣ್ಣನೇ ಚಾಲೂ ಮಾಡು ಎಂದು ಕೂಗಿದ ಎಂದು ಅವನು ಎಲ್ಲರಿಗೂ ಹೇಳಿದ. ಮಿರಜದ ಆಸ್ಪತ್ರೆಯಲ್ಲಿ ಊರವರು ಲಗಮಣ್ಣನನ್ನು ಕೇಳಿದಾಗ ಅವನು ಗೋಡೆಯ ಕಡೆ ಹೊರಳಿ, ನನಗೇನೂ ನೆನಪಿಲ್ಲ ಎಂದ. ತಪ್ಪು ತವನಪ್ಪನದೇ ಎನ್ನಲು ಊರವರಿಗೆ ಅಷ್ಟು ಸಾಕಾಯಿತು. ತವನಪ್ಪ ತಾಯಿ ಲಕ್ಷ್ಮಿಬಾಯಿಯನ್ನು ಊರಲ್ಲೇ ಬಿಟ್ಟು ಅಥಣಿಗೆ ಹೋಗಿ ಲೇಥ್ ಅಂಗಡಿಯೊಂದರಲ್ಲಿ ಕೆಲಸ ಹಿಡಿದ. ಅಂದಿನಿಂದ ಪ್ರಾಯಶ್ಚಿತ್ತಕ್ಕೆಂದು ಪ್ರತಿ ಚತುರ್ದಶಿಗೆ ನೀರೂ ಮುಟ್ಟದೆ ಉಪವಾಸ ಮಾಡುತ್ತಾನೆಂದು ಲಗಮಣ್ಣ ಕೇಳಿದ್ದ.

ಕಾಗದ ತಲುಪಿದ ವಾರಕ್ಕೆ ತವನಪ್ಪ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಲಗಮಣ್ಣನ ತೋಳಿನ ಕಡೆ ನೋಡಲಿಲ್ಲ. ಕಪ್ಲಿಂಗ್ ಬಿಚ್ಚಿಸಿ, ಗೇರ್‌ಬಾಕ್ಸಿನ ದಂಡದ ತುದಿ ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಿತು.

“ಎಂಜಿನ್ ಇದ್ದಾಗ ಈ ದಂಡದ ತುದಿ ಅದರಾಗಿನ ಒಂದ್ ಸಣ್ಣ ಬಳಿಯಂಥಾ ಬುಶ್‌ನ್ಯಾಗ ಕುಂಡರತಿತ್ರಿ. ಎಂಜಿನ್ ತಗದ್ರಿ, ಬುಶ್ಶೂ ಹೋತು. ಈಗ ಇದಕ್ಕ ಆಸರಾ ಇಲ್ರಿ.”

ಹಳೆಯ ಗೆಳೆಯ ತನಗೆ ‘ರಿ’ ಹಚ್ಚಿ ಮಾತಾಡಿದ್ದು ಲಗಮಣ್ಣನಿಗೆ ನಟ್ಟಿತು.

ತವನಪ್ಪ ಪಕ್ಕದ ಲೇಥಿನಲ್ಲಿ ಗನ್‌ಮೆಟಲ್ಲಿನ ಬುಶ್ ಕಡೆದು ತಂದು ಕಪ್ಲಿಂಗಿನೊಳಗೆ ಕೂಡಿಸಿದ. ಇನ್ನು ಎರಡೂ ದಂಡಗಳು ಒಂದೇ ಗೆರೆಯಲ್ಲಿವೆಯೇ ನೋಡಬೇಕಿತ್ತು. ಲಗಮಣ್ಣ ಉಳಿದೊಂದು ಕೈಯನ್ನು ಒಳಗೆ ತೂರಿಸಿ ಅಳತೆಯ ಗೇಜು ಹಿಡಿದ. ನೀನು ಸ್ವಿಚ್ಚಿನ ಹತ್ತಿರ ಕೂತಿರು, ಹೇಳಿದಾಗ ತುಸು ಕರೆಂಟ್ ಕೊಡು ಎಂದ.

ತವನಪ್ಪ ಡಿಕ್ಕಿಯ ಕಡೆ ನಡೆದ. ನಾಲ್ಕೂ ಬ್ಯಾಟರಿಗಳ ವಾಯರ್ ಬಿಚ್ಚಿ ನೆಲಕ್ಕಿಟ್ಟ. ತಿರುಗಿ ಬಂದು ಕುಕ್ಕರುಗಾಲಲ್ಲಿ ಕೂತ.

“ದಂಡ ನಾ ಕೈಲೇ ತಿರುವತೀನ್ರಿ. ಸ್ವಿಚ್ ಮುಟ್ಟಂಗಿಲ್ಲ.”

ಲಗಮಣ್ಣ ಕೈ ಹೊರಗೆ ತೆಗೆದ.

“ತವನಪ್ಪ, ಅವತ್ತ ಚಾಲೂ ಮಾಡು ಅಂತ ಒದರಿದಾಂವ ನಾನ. ಒದರಿದ ಮ್ಯಾಲ ಕಬ್ಬ ಸಿಕ್ಕೊಂಡದ್ದ ಕಂಡು ಕೈ ಹಾಕಿದೆ.”

“ನೆನಪಿಲ್ಲ ಅಂದಿದ್ದಿ.”

“ನೆನಪಿತ್ತು. ಕೈ ಹೋದದ್ದು ನನ್ನ ತಪ್ಪಿನಿಂದ ಅಂತ ಒಪ್ಪಿಕೊಳ್ಳಾಕ ಆಗಲಿಲ್ಲ.”

“ಏಳ್ ವರ್ಷ ನನ್ನ ಕಿವೀನ ನಾ ನಂಬಲಿಲ್ಲ,” ಎಂದ ತವನಪ್ಪ. ಆಮೇಲೆ ಎದ್ದು, ಕೂದಲೆಳೆಯಷ್ಟು ಸರಿದಿದ್ದ ಮೋಟರನ್ನು ಒಂದು ತೆಳು ತಗಡು ಕೊಟ್ಟು ಸಾಲಿಗೆ ತಂದ. ಬೋಲ್ಟುಗಳನ್ನೆಲ್ಲ ಬಿಗಿದ. ರುಕ್ಮವ್ವ ತಂದ ಚಹಾ ಮುಟ್ಟಲಿಲ್ಲ. ಗಾಡಿ ಇನ್ನು ನಡುಗುವುದಿಲ್ಲ ಎಂದಷ್ಟೇ ಹೇಳಿ ಬಸ್ಸಿಗೆ ಹೋದ.

ಗಾಡಿ ನಡುಗಲಿಲ್ಲ. ಮರುದಿನ ಲಗಮಣ್ಣ ಅದನ್ನು ಒಬ್ಬನೇ ಓಡಿಸಿಕೊಂಡು ದಿಗ್ಗೇವಾಡಿಗೆ ಹೋದ. ಲಕ್ಷ್ಮಿಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳೆದುರು ನಿಂತು ನಡೆದದ್ದನ್ನು ಹೇಳಿದ. ಅವಳು ಮೊರ ಕೆಳಗಿಟ್ಟು ಕೇಳಿದಳು: “ನನ್ನ ಮುಂದ ಅಷ್ಟ ಹೇಳಾಂವೋ, ಊರ ಮುಂದೂ ಹೇಳಾಂವೋ?”

ಊರ ಮುಂದೂ ಹೇಳುತ್ತೇನೆ ಎಂದ. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಮುಂದೆ ನಡೆದಳು. ಬಸದಿಯ ಎದುರಿನ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಆಸ್ಪತ್ರೆಗೆ ಬಂದು ಕೇಳಿದ್ದ ಸಿದರಾಯನೂ ಇದ್ದ. ಲಗಮಣ್ಣ ಅವರಿಗೆಲ್ಲ ಹೇಳಿದ. ಯಾರೂ ಬೈಯಲಿಲ್ಲ. ಸಿದರಾಯ ಎದ್ದು ಮನೆಗೆ ಹೋದ. ಬೈದಿದ್ದರೆ ಲಗಮಣ್ಣನಿಗೆ ಹಗುರಾಗುತ್ತಿತ್ತು.

ಬೇಗ ಹೊರಟುಬಿಡಬೇಕೆಂದರೆ ಬ್ಯಾಟರಿ ಇಳಿದಿತ್ತು. ಊರಲ್ಲಿ ಕರೆಂಟ್ ಬರುವುದು ಮಧ್ಯಾಹ್ನ ಕಳೆದ ಮೇಲೆ. ಲಕ್ಷ್ಮಿಬಾಯಿ ತನ್ನ ಮನೆಯ ಪಡಸಾಲೆಯ ಪ್ಲಗ್ಗು ತೋರಿಸಿದಳು. ಚಾರ್ಜ್ ಆಗುವವರೆಗೂ ಅವನು ಅಲ್ಲೇ ಕೂತ. ಹೊತ್ತು ಮುಳುಗುವ ಮುಂಚೆ ಅವಳು ತಾಟಿನಲ್ಲಿ ರೊಟ್ಟಿ, ಕಾಳುಪಲ್ಯ ಹಾಕಿ ಅವನ ಮುಂದಿಟ್ಟಳು. ಅವನು ಉಂಡ.

ಆ ವರ್ಷ ಭಾದ್ರಪದದ ಜೈನ ಪರ್ವಕ್ಕೆ ತವನಪ್ಪ ದಿಗ್ಗೇವಾಡಿಗೆ ಬಂದ. ಲಗಮಣ್ಣನ ಮನೆಗೆ ಬರಲಿಲ್ಲ. ಬರುತ್ತಾನೆಂದು ಲಗಮಣ್ಣನೂ ಅಂದುಕೊಂಡಿರಲಿಲ್ಲ. ತವನಪ್ಪ ತಾಯಿಯ ಜೊತೆ ಬಸದಿಗೆ ಹೋಗುವಾಗ ಕಟ್ಟೆಯ ಜನ ಎದ್ದು ನಿಂತು ಮಾತಾಡಿಸಿದರೆಂದು ರುಕ್ಮವ್ವ ಸಂತೆಯಲ್ಲಿ ಕೇಳಿಕೊಂಡು ಬಂದು ಹೇಳಿದಳು.