ನಕ್ಷೆಯ ಮೇಲಿನ ಹಸಿರು ಗೆರೆ

ರಜೆಗೆ ಬಂದಿದ್ದ ಮಗಳು ಊಟದ ಮೇಜಿನ ತುಂಬ ನಕ್ಷೆ ಹರಡಿಕೊಂಡಿದ್ದಳು. ಅವಳು ಸೈನ್ಯದಲ್ಲಿ ಕ್ಯಾಪ್ಟನ್. ಮುಂದಿನ ತಿಂಗಳ ಸಮರಾಭ್ಯಾಸಕ್ಕೆ ಯೋಜನೆ ಹಾಕುವ ಕೆಲಸ ಅವಳದು. ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು, ಶತ್ರುವಿಗೆ ಕೆಂಪು, ತಮ್ಮವರಿಗೆ ನೀಲಿ ಗೆರೆ ಎಳೆಯುವುದು ಅವರ ರೂಢಿ. ಇವಳು ಹಸಿರು ಪೆನ್ನಿನಲ್ಲೂ ಒಂದು ಗೆರೆ ಎಳೆದಿದ್ದಳು.

"ಇದೇನೇ ಹಸಿರು?" ಬಟಾಣಿ ಸುಲಿಯುತ್ತ ಕೇಳಿದೆ.

"ಹೊಳೆ ದಂಡೆ ಮರಳು ಕಣಮ್ಮ. ಮುಂದಿನ ತಿಂಗಳು ಹಕ್ಕಿಗಳು ಅಲ್ಲಿ ಮೊಟ್ಟೆ ಇಡೋ ಕಾಲ. ಡೀಸೆಲ್ ಟ್ಯಾಂಕರ್‌ಗಳನ್ನ ಅಲ್ಲೇ ನಿಲ್ಲಿಸಬೇಕಂತೆ. ಗುಡ್ಡದ ಹಿಂದೆ ಹಾಕೋಣ ಅಂದ್ರೆ ಕರ್ನಲ್ ಸಾಹೇಬ್ರು ನಗ್ತಾರೆ."

"ನಗಲಿ ಬಿಡು, ಹಲ್ಲು ಅವರದೇ ತಾನೇ."

ಅವಳು ಫೋನ್ ಮಾಡಿದಳು. ಸಾಹೇಬರ ದೊಡ್ಡ ದನಿ ಒಲೆಯವರೆಗೂ ಕೇಳಿಸಿತು. "ಏನಮ್ಮಾ, ಯುದ್ಧ ಮಾಡ್ತೀಯೋ, ಹಕ್ಕಿಗೆ ಬಾಣಂತನ ಮಾಡ್ತೀಯೋ?"

ಮಗಳ ಕಿವಿ ಕೆಂಪಾಯಿತು. ದನಿ ಮಾತ್ರ ನಡುಗಲಿಲ್ಲ. "ಎರಡೂ ಸರ್. ಗುಡ್ಡದ ಹಿಂದೆ ಹಾದಿ ಸುತ್ತಾಗುತ್ತೆ, ನಿಜ. ಆದ್ರೆ ಟ್ಯಾಂಕರ್‌ಗಳು ಶತ್ರು ಕಣ್ಣಿಗೆ ಬೀಳಲ್ಲ. ಡೀಸೆಲ್ ಸೋರಿದ್ರೂ ಹೊಳೆಗೆ ಸೇರಲ್ಲ. ನಮ್ಮವರು ಕುಡಿಯೋದೂ ಅದೇ ನೀರು."

ನಾನು ಸುಲಿಯುವುದನ್ನು ಮರೆತು ಕುಳಿತೆ.

"ಆಯ್ತು, ಗುಡ್ಡದ ಹಿಂದೇನೇ ಹಾಕು. ಸುತ್ತಿ ಬರೋ ಡ್ರೈವರ್‌ಗಳ ಬೈಗುಳ ಮಾತ್ರ ನೀನೇ ತಿನ್ನಬೇಕು."

"ತಿಂತೀನಿ ಸರ್. ಅಮ್ಮನ ಹತ್ರ ತಿಂದು ಅಭ್ಯಾಸ ಇದೆ."

ಫೋನಿಟ್ಟ ಕೂಡಲೇ ಬಟಾಣಿ ಸಿಪ್ಪೆಯೊಂದನ್ನು ಅವಳತ್ತ ಎಸೆದೆ. ಅದು ಹೋಗಿ ನಕ್ಷೆಯ ಮರಳಿನ ಮೇಲೆಯೇ ಬಿತ್ತು. ಅವಳು ನಗುತ್ತ ಅದನ್ನು ಮೆಲ್ಲನೆ ಎತ್ತಿ, ಹಸಿರು ಗೆರೆಯ ಆಚೆಗಿಟ್ಟಳು.