ಧೂಳಿಗೊಂದು ಅಣೆಕಟ್ಟೆ

ಗುಂಡಯ್ಯ ಮಾವ ಸಮುದ್ರ ನೋಡಿಲ್ಲ. ಹೇಮಾವತಿಯ ಗೊರೂರು ಅಣೆಕಟ್ಟೆಯಲ್ಲಿ ಮೂವತ್ತೆರಡು ವರ್ಷ ಗೇಟು ಎತ್ತಿ ಇಳಿಸಿದವರು, ಅಷ್ಟೂ ನೀರು ಕೊನೆಗೆ ಎಲ್ಲಿ ಹೋಗಿ ಸೇರಿತು ಅಂತ ಒಂದು ದಿನವೂ ಹೋಗಿ ನೋಡಲಿಲ್ಲ. ನಿವೃತ್ತಿಯಾದ ಮಾರನೇ ವಾರ ಹಡಗು ಮಾಡಲು ಕೂತರು. ಮೂರಡಿ ಉದ್ದದ, ಮೂರು ಕಂಬದ ಹಾಯಿಹಡಗು. ನಕ್ಷೆ ಮೊಬೈಲಿನಲ್ಲಿ ಸಿಕ್ಕಿತು. ಸಿಲ್ವರ್ ಓಕ್ ಚೂರುಗಳು ಅರಕಲಗೂಡಿನ ಸಾಮಿಲ್ಲಿನಿಂದ ಬಂದವು; ಸಣ್ಣ ಗರಗಸ, ಬೆರಳುದ್ದದ ಉಳಿಗಳು, ಉಪ್ಪುಕಾಗದ ಅಂಟಿಸಿ ಉಜ್ಜುವ ಮಿಷನ್ನು ಹಾಸನದಿಂದ. ಜಾಗ ಮಾತ್ರ ಪಕ್ಕದ ಮನೆ ಕಾಮಾಕ್ಷಮ್ಮನವರದು. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆ.

ಆ ಮಿಷನ್ನಿನ ಧೂಳು ಹಿಟ್ಟಿಗಿಂತ ನುಣುಪು. ಕೆಳಗೆ ಬೀಳುವುದಿಲ್ಲ, ನಿಂತು ಯೋಚನೆ ಮಾಡುತ್ತದೆ. ಮಧ್ಯಾಹ್ನದ ಗಾಳಿ ಬಂದಾಗ ಎದ್ದು ಕಾಮಾಕ್ಷಮ್ಮನವರ ತಾರಸಿಗೆ ಹೋಗುತ್ತದೆ. ಅಲ್ಲಿ ಸೀರೆಯ ಮೇಲೆ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಸಂಜೆಗೆ ಅದು ರಾಗಿ ಸಂಡಿಗೆಯಾಗಿತ್ತು.

ಕಾಮಾಕ್ಷಮ್ಮ ಮೊರ ಹಿಡಿದೇ ಬಂದರು. "ಗುಂಡಣ್ಣ, ಅರ್ಧ ಹಡಗು ನನ್ ಸಂಡಿಗೆ ಮ್ಯಾಲೇ ಅದೆ, ಎತ್ಕೋ. ಇನ್ನೊಂದ್ಸಲ ದೂಳು ಬಿತ್ತೋ, ಕೊಟ್ಟಿಗೆಗೆ ಬೀಗ ಕಣಪ್ಪ. ಆಮೇಲೆ ನೀನು ಹಡಗ ತಕ್ಕಂಡು ಒಳೇಗಾದ್ರೂ ಓಗು, ಕೆರೇಗಾದ್ರೂ ಓಗು."

ಬೀಗ ಬಿದ್ದರೆ ಹಡಗು ಮುಗಿಯುವುದಿಲ್ಲ. ನಮ್ಮ ಮನೆಯಲ್ಲಿ ಮೂರಡಿ ಉದ್ದದ್ದು ಯಾವುದೂ ಹಿಡಿಯುವುದಿಲ್ಲ; ನಾನೇ ಕಾಲು ಮಡಚಿ ಮಲಗುವವಳು. ಮಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಎದ್ದು, ಧೂಳಿಗೆ ಅಣೆಕಟ್ಟೆ ಕಟ್ಟಿದರು.

ಮೇಜಿನ ಕೆಳಗೆ ಪ್ಲೈವುಡ್ ಪೆಟ್ಟಿಗೆ. ಧೂಳನ್ನು ಅದರೊಳಕ್ಕೆ ಎಳೆಯಲು ಅಡಿಗೆಮನೆಯ ಹಳೇ ಎಕ್ಸಾಸ್ಟ್ ಫ್ಯಾನು. ಗಾಳಿ ಮಾತ್ರ ಹೊರಗೆ ಹೋಗಲಿ ಅಂತ ಪೆಟ್ಟಿಗೆಯ ನೆತ್ತಿಗೆ ಪಂಚೆಯ ಬಟ್ಟೆ. ಮುಂದೆ ಗಾಜು, ಗಾಜಿನ ಮೇಲೆ ಸೊನ್ನೆಯಿಂದ ಇಪ್ಪತ್ತನಾಲ್ಕು ಇಂಚಿನವರೆಗೆ ಕೆಂಪು ಗೆರೆಗಳು. ಹಿಂದೆ, ಕಾಮಾಕ್ಷಮ್ಮನವರ ಹಿತ್ತಲಿಗೆ ಮುಖ ಮಾಡಿ, ಚಕ್ರ ತಿರುಗಿಸಿದರೆ ಏಳುವ ಗೇಟು.

"ಪ್ರತಿಭಾ, ನೀನೇ ಗೇಜ್ ರೀಡರ್ರು," ಅಂದರು. "ನೀನು ಮಾತಾಡಕಿಲ್ಲ, ನೋಡ್ತೀಯ. ಗೇಜಿಗೆ ಅಂಥೋರೇ ಬೇಕು."

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಅಂದರೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಇಲ್ಲಿ ಓದಿ ಹೇಳುವುದಿರಲಿಲ್ಲ, ಬರೆದರೆ ಸಾಕಿತ್ತು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ: ಮಟ್ಟ, ಒಳಹರಿವು, ಹೊರಹರಿವು.

ಪೆಟ್ಟಿಗೆ ತುಂಬುತ್ತಾ ಬಂದ ದಿನ ಕಾಮಾಕ್ಷಮ್ಮ ಇಣುಕಿ ನೋಡಿ, "ಒಂದು ಗೋಣಿಚೀಲಕ್ಕೆ ಬಗ್ಗಿಸಿ ತಿಪ್ಪೇಗೆ ಸುರಿಯಕಾಗಕಿಲ್ವಾ?" ಅಂದರು.

ಹೇಮಾವತಿಯನ್ನು ಬಿಂದಿಗೆಯಲ್ಲಿ ಮೊಗೆದು ಖಾಲಿ ಮಾಡು ಅಂದವರನ್ನು ನೋಡುವ ಹಾಗೆ ಮಾವ ಅವರನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿ ನೋಟೀಸು ಬರೆಸಿ ಅವರ ಬಾಗಿಲಿಗೇ ಅಂಟಿಸಿದರು. "ಇಂದು ಸಂಜೆ ನಾಲ್ಕು ಗಂಟೆಗೆ ಹೆಚ್ಚುವರಿ ಧೂಳನ್ನು ಹೊರಬಿಡಲಾಗುವುದು. ತಗ್ಗು ಪ್ರದೇಶದವರು ತಮ್ಮ ಸಂಡಿಗೆ, ಬಟ್ಟೆ ಮತ್ತು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು."

ಸೈರನ್ ಇರಲಿಲ್ಲ. ಮಾವ ಬಾಯಿಗೆ ಎರಡೂ ಕೈ ಅಡ್ಡ ಇಟ್ಟುಕೊಂಡು ತಾವೇ ಮೂರು ಸಲ ಸೈರನ್ ಕೂಗಿದರು. ಬೀದಿನಾಯಿಗಳೆಲ್ಲ ಜೊತೆಗೆ ಕೂಗಿದವು. ಕಾಮಾಕ್ಷಮ್ಮ ನಿಜವಾಗಿಯೂ ಸಂಡಿಗೆ ಮೊರ ತಲೆ ಮೇಲೆ ಹೊತ್ತು, ಕೋಳಿಗಳನ್ನು ಅಟ್ಟಿಕೊಂಡು, ರಸ್ತೆ ದಾಟಿ ನಿಂತರು. ಚಕ್ರ ತಿರುಗಿತು. ಗೇಟು ಎದ್ದಿತು. ಧೂಳು ಪುಸ್ಸೆಂದು ಹಿತ್ತಲಿಗೆ ಬಿತ್ತು.

ಅನಾಹುತ ಏನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಕೋಳಿಗೂಡಿಗೆ ಆ ಹೊಟ್ಟು ಹರಡಿದರೆ ವಾಸನೆ ಹೋಗುತ್ತದೆ ಅಂತ ಕಾಮಾಕ್ಷಮ್ಮನಿಗೆ ಮಾರನೇ ದಿನ ಗೊತ್ತಾಯಿತು. ಹೊಟ್ಟಿನ ಒಲೆಗೆ ತುರುಕಿದರೆ ಒಂದು ಹಂಡೆ ನೀರು ಕಾಯುತ್ತದೆ ಅಂತ ಅದರ ಮಾರನೇ ದಿನ. ಆ ವಾರವೇ ಅವರಾಚೆ ಮನೆಯ ಪಾರ್ವತಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದರು.

"ಏನ್ ಗುಂಡಣ್ಣ, ಮೊದ್ಲು ಗಾಳಿ ಬೀಸ್ದಾಗ ನಮ್ಮನೆ ಅಂಗಳಕ್ಕೂ ದೂಳು ಬತ್ತಿತ್ತು. ಈಗ ಎಲ್ಲಾ ಈಯಮ್ಮನ ಹಿತ್ಲಲ್ಲೇ ನಿಂತೋಯ್ತದೆ. ಕೊನೆ ಭಾಗ್ದೋರು ಮನುಸ್ರಲ್ವಾ?"

"ನೀನು ಅವಾಗ ದೂಳು ಬತ್ತದೆ ಅಂತ ಶಾಪ ಆಕ್ತಿದ್ದೆ," ಅಂದರು ಕಾಮಾಕ್ಷಮ್ಮ.

"ನೀನೇನು ಆರತಿ ಎತ್ತಿದ್ಯಾ?"

ಜಗುಲಿಯಲ್ಲಿ ಕೂತು ಒಪ್ಪಂದವಾಯಿತು. ವಾರಕ್ಕೆ ಕಾಮಾಕ್ಷಮ್ಮನವರಿಗೆ ಎರಡಿಂಚು, ಪಾರ್ವತಮ್ಮನವರಿಗೆ ಒಂದಿಂಚು. ತಪ್ಪಿದರೆ ಕೊಟ್ಟಿಗೆಗೆ ಬೀಗ. ನಾನು ಬರೆದೆ, ಮಾವ ಸಹಿ ಹಾಕಿದರು.

ತೊಂದರೆ ಏನೆಂದರೆ, ಹಡಗು ಮುಗಿಯುತ್ತಾ ಬಂದಿತ್ತು. ಒರಟು ನೂರಿಪ್ಪತ್ತು ನಂಬರಿನ ಉಪ್ಪುಕಾಗದ ಹೋಗಿ ನುಣುಪಿನ ಆರುನೂರು ನಂಬರು ಬಂದಿತ್ತು. ದಿನಪೂರ್ತಿ ಉಜ್ಜಿದರೂ ಒಂದು ಚಿಟಿಕೆ ಧೂಳು. ಒಳಹರಿವು ಕುಸಿಯಿತು. ಪಾರ್ವತಮ್ಮ ಒಂದು ಮುರಿದ ಮಣೆ ತಂದು, "ಇದ್ನಾದ್ರೂ ಉಜ್ಜಣ್ಣ," ಅಂದರು.

ಮಾವ ಕೈ ಮುಗಿದರು. "ತಾಯಿ, ಅದು ಬ್ಯಾರೆ ನದಿ ನೀರು. ಈ ಕಟ್ಟೇಗೆ ಬುಡಂಗಿಲ್ಲ."

ಕೊಟ್ಟ ಮಾತು ಉಳಿಸಲು ಅವರು ಮತ್ತೆ ನೂರಿಪ್ಪತ್ತು ನಂಬರು ತೆಗೆದು ಹಡಗನ್ನೇ ಉಜ್ಜತೊಡಗಿದರು. ನಾನು ರಿಜಿಸ್ಟರಿನಲ್ಲಿ ಧೂಳಿನ ಮಟ್ಟ ಬರೆಯುತ್ತಿದ್ದೆ. ಕೊನೇ ಪುಟದಲ್ಲಿ, ಯಾರಿಗೂ ಹೇಳದೆ, ಹಡಗಿನ ಮಟ್ಟವನ್ನೂ ಬರೆಯುತ್ತಿದ್ದೆ. ನಡುವಿನ ಕಂಬ ಊದಿನಕಡ್ಡಿಯಷ್ಟಾಯಿತು. ಹಲಗೆಗಳು ಹಪ್ಪಳವಾದವು. ಒಂದು ಮಧ್ಯಾಹ್ನ ಹಡಗಿನೊಳಗೆ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿದೆ. ಇಡೀ ಹಡಗು ಲಾಟೀನಿನ ಹಾಗೆ ಬೆಳಗಿತು. ಇನ್ನೊಂದು ವಾರ ಉಜ್ಜಿದರೆ ಧೂಳು ಉಳಿಯುತ್ತದೆ, ಹಡಗು ಉಳಿಯುವುದಿಲ್ಲ.

"ಮಾವ, ವಾರ್ನಿಷ್ ಬಳಿದುಬಿಡಿ," ಅಂದೆ.

"ವಾರ್ನಿಷ್ ಒಣಗಕೆ ಎರಡು ದಿನ ಬೇಕು ಮಗಾ. ಅಷ್ಟೂ ಹೊತ್ತು ಒಂದು ಕಣ ದೂಳು ಏಳಬಾರ್ದು. ನಾಳೆ ಶುಕ್ರವಾರ, ಗೇಟ್ ಎತ್ತಬೇಕಲ್ಲ. ನಾಲ್ಕೂವರೆ ಇಂಚು ಅದೆ. ಮೂರು ಕೊಡಬೇಕು. ಆಮೇಲೆ ಮತ್ತೆ ಉಜ್ಜಬೇಕು." ಮಾತಾಡುತ್ತಲೇ ಹಡಗಿನ ಮೂತಿ ಸವರಿದರು. ಕಣ್ಣು ಒದ್ದೆಯಾಗಿತ್ತೋ, ಧೂಳು ಬಿದ್ದಿತ್ತೋ, ಕೇಳಲಿಲ್ಲ.

ಮಾರನೇ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಕೆಂಪು ಬಣ್ಣದ ಡಬ್ಬಿ ತೆಗೆದು, ಗಾಜಿನ ಮೇಲೆ ಐದನೇ ಇಂಚಿಗೆ ಸರಿಯಾಗಿ ಒಂದು ದಪ್ಪ ಗೆರೆ ಎಳೆದೆ.

ಶುಕ್ರವಾರ ನಾಲ್ಕಕ್ಕೆ ಕಾಮಾಕ್ಷಮ್ಮ ಮಂಕರಿ ಹಿಡಿದು ಬಂದರು, ಪಾರ್ವತಮ್ಮ ಬಕೆಟ್ಟು ಹಿಡಿದು. ಕಾಮಾಕ್ಷಮ್ಮ ಬೀಗವನ್ನೂ ತಂದಿದ್ದರು. ಮಾವ ಸೈರನ್ ಕೂಗಲು ಬಾಯಿಗೆ ಕೈ ಎತ್ತಿದರು.

"ಬುಡಂಗಿಲ್ಲ," ಅಂದೆ.

ಮೂವರೂ ಸುತ್ತ ನೋಡಿದರು, ಯಾರು ಮಾತಾಡಿದ್ದು ಅಂತ. ರಿಜಿಸ್ಟರ್ ತೆರೆದು, ಎದ್ದು ನಿಂತು, ಗಟ್ಟಿಯಾಗಿ ಓದಿದೆ. "ಮಟ್ಟ ನಾಲ್ಕೂವರೆ ಇಂಚು. ಡೆಡ್ ಸ್ಟೋರೇಜ್ ಐದು ಇಂಚು."

ಇಬ್ಬರೂ ಗೊರೂರಿನಲ್ಲಿ ಹುಟ್ಟಿ ಬೆಳೆದವರು. ನೀರಿಗಾಗಿ ಯಾರ ಮೇಲೆ ಬೇಕಾದರೂ ಜಗಳಕ್ಕೆ ಹೋಗುತ್ತಾರೆ. ಡೆಡ್ ಸ್ಟೋರೇಜ್ ಅಂದ ಮೇಲೆ ಹೋಗುವುದಿಲ್ಲ. ಆ ಗೆರೆಯ ಕೆಳಗಿರುವುದು ಕಟ್ಟೆಯದು, ಯಾರಿಗೂ ಬಿಡುವಂತಿಲ್ಲ. ಕಾಮಾಕ್ಷಮ್ಮ ಬಗ್ಗಿ ಗಾಜು ನೋಡಿ, ಪಾರ್ವತಮ್ಮನಿಗೂ ತೋರಿಸಿದರು. ಇಬ್ಬರೂ ಸೆರಗು ಸರಿಮಾಡಿಕೊಂಡರು.

"ಡೆಡ್ಡಿಗೆ ಬಂದ್ಬುಟ್ಟದೆ ಕಣಕ್ಕ," ಅಂದರು ಪಾರ್ವತಮ್ಮ.

"ಪಾಪ, ಅವ್ನಾದ್ರೂ ಏನ್ ಮಾಡ್ತಾನೆ," ಅಂದರು ಕಾಮಾಕ್ಷಮ್ಮ. ಬೀಗ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೋಡ ಹುಡುಕುವವರ ಹಾಗೆ ಆಕಾಶ ನೋಡಿದರು. "ಮ್ಯಾಲೆ ಮೂಡಿಗೆರೆ ಕಡೆ ಒಂದು ಒಳ್ಳೆ ಮಳೆ ಆಗ್ಲಿ ಬುಡು. ಎಲ್ಲಾ ಸರಿಓಯ್ತದೆ."

ಅವರು ಹೋದ ಮೇಲೆ ಮಾವ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಗೆರೆಗೆ ಬೆರಳು ಒತ್ತಿದರು. ಬೆರಳಿಗೆ ಕೆಂಪು ಹತ್ತಿತು.

"ಈ ಗೆರೆ ಯಾವಾಗಿಂದ ಅದೆ?"

"ಮೊದಲಿಂದ್ಲೂ ಇತ್ತು ಮಾವ."

ಬೆರಳನ್ನು ಪಂಚೆಗೆ ಒರೆಸಿಕೊಂಡರು. ರಿಜಿಸ್ಟರ್ ಇಸಿದುಕೊಂಡು ಆ ದಿನದ ಸಾಲಿಗೆ ಸಹಿ ಹಾಕಿದರು. ಫ್ಯಾನ್ ಆರಿಸಿ, ನೆಲಕ್ಕೆ ನೀರು ಚಿಮುಕಿಸಿ, ವಾರ್ನಿಷ್ ಡಬ್ಬಿ ತೆಗೆದರು.

ಎರಡು ದಿನ ಕೊಟ್ಟಿಗೆಯಲ್ಲಿ ಯಾರೂ ಸೀನಲಿಲ್ಲ. ಭಾನುವಾರ ಹಡಗು ಹೊಳೆಯುತ್ತಿತ್ತು. ಮೇಲಿನ ಹಲಗೆಯ ಮೇಲೆ ಮಾತ್ರ, ಸಾಸಿವೆಗಿಂತ ಚಿಕ್ಕದು, ಒಂದು ಕಣ ಧೂಳು ಅಂಟಿಕೊಂಡು ಒಣಗಿತ್ತು. ಮಾವ ಅದನ್ನು ಕಂಡರು. ಅವರ ಕೈ ತಾನಾಗಿ ಮೇಜಿನ ಖಾನೆಗೆ ಹೋಯಿತು.

ಖಾನೆ ಖಾಲಿ ಇತ್ತು. ಉಪ್ಪುಕಾಗದವನ್ನೆಲ್ಲ ನಾನು ಬೆಳಿಗ್ಗೆಯೇ ಕಾಮಾಕ್ಷಮ್ಮನವರ ಹೊಟ್ಟಿನ ಒಲೆಗೆ ಹಾಕಿ ಬಂದಿದ್ದೆ.